ಓಡಬೇಡಿ, ನಿಲ್ಲಬೇಡಿ, ಹಿಂದೆ ಸರಿಯಬೇಡಿ

ಪರದೇಶಕ್ಕೆ ಹೊರಟ ನಮ್ಮವರ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಚಟ್ನಿಪುಡಿ, ಗೊಜ್ಜವಲಕ್ಕಿ, ತೊಕ್ಕು, ನಾಲ್ಕು ಥರದ ಮಾತ್ರೆ, ಒಂದು ಸ್ವೆಟರು. ಇವುಗಳ ಜತೆಗೆ ಯಾವ ಕಸ್ಟಮ್ಸ್ ಅಧಿಕಾರಿಯ ಕಣ್ಣಿಗೂ ಬೀಳದ ಇನ್ನೊಂದು ಸಾಮಾನು ಗಡಿ ದಾಟುತ್ತದೆ. ಅದು ನಮ್ಮ ಕತ್ತಿನ ಅಭ್ಯಾಸ. ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡು, ಆಮೇಲೆ ಎಡಕ್ಕೆ ನೋಡು, ಇನ್ನೊಮ್ಮೆ ಬಲಕ್ಕೆ ನೋಡಿ ದಾಟು ಎಂದು ಪ್ರೈಮರಿ ಶಾಲೆಯಲ್ಲಿ ಮೇಷ್ಟರು ಹೇಳಿಕೊಟ್ಟದ್ದು ಕತ್ತಿನೊಳಗೆ ಹೋಗಿ ಕೂತುಬಿಟ್ಟಿರುತ್ತದೆ. ಪಾಸ್‌ಪೋರ್ಟ್ ಮರೆತರೆ ವಿಮಾನ ನಿಲ್ದಾಣದಲ್ಲೇ ಗೊತ್ತಾಗುತ್ತದೆ. ಈ ಅಭ್ಯಾಸ ಜತೆಗೇ ಬಂದಿದೆ ಎಂದು ಗೊತ್ತಾಗುವುದು ಮಾತ್ರ ನಡುರಸ್ತೆಯಲ್ಲಿ.

ಇದು ದೊಡ್ಡವರನ್ನೂ ಬಿಟ್ಟಿಲ್ಲ. 1931ರ ಡಿಸೆಂಬರ್ 13ರ ರಾತ್ರಿ ವಿನ್‌ಸ್ಟನ್ ಚರ್ಚಿಲ್ ನ್ಯೂಯಾರ್ಕಿನಲ್ಲಿ ಸ್ನೇಹಿತರೊಬ್ಬರ ಮನೆ ಹುಡುಕುತ್ತಾ ಟ್ಯಾಕ್ಸಿಯಿಂದ ಇಳಿದು ಫಿಫ್ತ್ ಅವೆನ್ಯೂ ದಾಟಲು ಹೊರಟರು. ಆಗ ಅವರಿಗೆ 57 ವರ್ಷ. ರಸ್ತೆಯ ನಡುಮಧ್ಯಕ್ಕೆ ಬಂದಾಗ ಇಂಗ್ಲೆಂಡಿನಲ್ಲಿ ಬೆಳೆದ ಕತ್ತು ಇಂಗ್ಲೆಂಡಿನ ರೀತಿಯಲ್ಲೇ ಎಡಕ್ಕೆ ತಿರುಗಿತು. ಕಾರು ಬಂದದ್ದು ಬಲದಿಂದ. ಏಟು ಬಲವಾಗಿಯೇ ಬಿತ್ತು, ಆಸ್ಪತ್ರೆಗೆ ಸೇರಬೇಕಾಯಿತು. ಅಪಘಾತದ ಮೇಲೆ ಪತ್ರಿಕೆಗೊಂದು ಲೇಖನ ಬರೆದು ದುಡ್ಡು ಸಂಪಾದಿಸಿದ್ದಲ್ಲದೆ, ವಿಜ್ಞಾನಿ ಮಿತ್ರರಾದ ಲಿಂಡೆಮನ್ನರಿಗೆ ತಂತಿ ಕಳಿಸಿ, ಆ ಕಾರು ಎಷ್ಟು ಜೋರಾಗಿ ಗುದ್ದಿರಬಹುದೆಂದು ಲೆಕ್ಕ ಹಾಕಿಸಿಕೊಂಡರು. ಅವರ ಆಯುಸ್ಸು ಗಟ್ಟಿಯಿತ್ತು. ಇಲ್ಲದಿದ್ದರೆ ಎರಡನೇ ಮಹಾಯುದ್ಧದ ಇತಿಹಾಸವನ್ನು ಬೇರೆ ಥರ ಬರೆಯಬೇಕಾಗುತ್ತಿತ್ತು.

ಕತ್ತಿನ ಈ ಅಭ್ಯಾಸ ಎಷ್ಟು ಬಲವಾದದ್ದು ಎಂದು ಸ್ವೀಡನ್ ದೇಶದವರನ್ನು ಕೇಳಬೇಕು. ಅವರೂ ಹಿಂದೆ ನಮ್ಮ ಹಾಗೆ ಎಡಕ್ಕೆ ವಾಹನ ಓಡಿಸುತ್ತಿದ್ದವರು. ಬಲಕ್ಕೆ ಬದಲಾಯಿಸೋಣವೇ ಎಂದು 1955ರಲ್ಲಿ ಜನಮತ ಕೇಳಿದಾಗ ನೂರಕ್ಕೆ 83 ಮಂದಿ ಬೇಡವೆಂದರು. ಆದರೂ ಸರ್ಕಾರ ಬಿಡಲಿಲ್ಲ. ಹಾಲಿನ ಪೊಟ್ಟಣದ ಮೇಲೂ ಜ್ಞಾಪನೆಯ ಗುರುತು ಅಚ್ಚು ಹಾಕಿಸಿ, 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಐದು ಗಂಟೆಗೆ ಇಡೀ ದೇಶವನ್ನು ಎಡದಿಂದ ಬಲಕ್ಕೆ ಸರಿಸಿತು. ಲಂಡನ್ನಿನಲ್ಲಿ ಇಂದಿಗೂ ರಸ್ತೆಯ ಅಂಚಿನಲ್ಲಿ 'ಬಲಕ್ಕೆ ನೋಡಿ' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಹೊರಗಿನಿಂದ ಬಂದವರಿಗಾಗಿ.

ನಮ್ಮವರು ಮೊದಮೊದಲು ಪ್ರವಾಸಕ್ಕೆಂದು ಹೋಗುತ್ತಿದ್ದ ದೇಶಗಳಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಶ್ರೀಲಂಕಾ, ನೇಪಾಳ, ಸಿಂಗಪುರ, ಮಲೇಷ್ಯ, ಥಾಯ್ಲೆಂಡ್ ಎಲ್ಲವೂ ಎಡದವರೇ. ಈಚಿನ ವರ್ಷಗಳಲ್ಲಿ ವಿಯೆಟ್ನಾಮಿಗೆ ಹೋಗುವವರು ಹೆಚ್ಚಾಗಿದ್ದಾರೆ. ಅದು ಫ್ರೆಂಚರು ಆಳಿದ ದೇಶ, ಆದ್ದರಿಂದ ಬಲಕ್ಕೆ. ಅದಕ್ಕಿಂತ ದೊಡ್ಡ ಮಾತೆಂದರೆ ಅಲ್ಲಿನ ಮೋಟಾರುಬೈಕು. ಸುಮಾರು ಹತ್ತು ಕೋಟಿ ಜನರ ಆ ದೇಶದಲ್ಲಿ ನೋಂದಣಿಯಾಗಿರುವ ಬೈಕುಗಳೇ ಏಳು ಕೋಟಿಗೂ ಮಿಕ್ಕಿವೆ. ನಾವು ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ, ಅಲ್ಲಿ ದಕ್ಷಿಣದ ಕಡೆ ಯಾವ ಕಂಪನಿಯ ಬೈಕಾದರೂ ಅದಕ್ಕೆ 'ಹೋಂಡಾ' ಎಂದೇ ಹೇಳುವ ರೂಢಿ.

ರಾಜಧಾನಿ ಹನೋಯಿಯ ಹಳೆಯ ಪೇಟೆಗೆ ಹೋದರೆ ಬೆಂಗಳೂರಿನವರಿಗೆ ಮೊದಲ ನೋಟಕ್ಕೆ ಪರಿಚಿತ ಜಾಗಕ್ಕೆ ಬಂದಂತೆಯೇ ಅನಿಸುತ್ತದೆ. ನಮ್ಮ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆಯ ಹಾಗೆ ಅಲ್ಲಿನ ಬೀದಿಗಳಿಗೂ ಕಸುಬಿನ ಹೆಸರು, ಸರಕಿನ ಹೆಸರು. 'ಹಾಂಗ್' ಎಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಡುವಾಂಗ್ ಸಕ್ಕರೆಯ ಬೀದಿ, ಹಾಂಗ್ ಮಾ ಪೂಜೆಗೆ ಸುಡುವ ಕಾಗದದ ಸಾಮಾನಿನ ಬೀದಿ. ಫುಟ್‌ಪಾತು ಇದೆ, ಆದರೆ ಅದರ ಮೇಲೆ ಬೈಕುಗಳು ಸಾಲಾಗಿ ನಿಂತಿರುತ್ತವೆ. ಉಳಿದ ಜಾಗದಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಜನ ಕೂತು ಬಿಸಿಬಿಸಿ ಫೋ ಎಂಬ ಶಾವಿಗೆ ಸಾರು ಕುಡಿಯುತ್ತಿರುತ್ತಾರೆ. ನಡೆಯುವವನು ರಸ್ತೆಗಿಳಿಯಲೇಬೇಕು. ಇಳಿದರೆ ಎದುರಿಗೆ ಬೈಕುಗಳ ಹೊಳೆ. ಗಂಡ, ಹೆಂಡತಿ, ನಡುವೆ ಮಗು. ಹಿಂದೆ ಕಟ್ಟಿದ ಬುಟ್ಟಿಯಲ್ಲಿ ಕೋಳಿ. ಟೆಟ್ ಎಂಬ ಅವರ ಹೊಸ ವರ್ಷದ ಹಬ್ಬ ಹತ್ತಿರ ಬಂದರಂತೂ ಹಣ್ಣುಬಿಟ್ಟ ಪುಟ್ಟ ಕಿತ್ತಳೆಯ ಗಿಡ ಕುಂಡಸಮೇತ ಹಿಂದಿನ ಸೀಟಿನಲ್ಲಿ.

ಇಲ್ಲಿ ನಮ್ಮವರು ಒಂದು ಮಾತು ಹೇಳುತ್ತಾರೆ: "ಅಯ್ಯೋ, ಇದೇನು ಮಹಾ? ನಾವು ಸಿಲ್ಕ್ ಬೋರ್ಡು, ಮೆಜೆಸ್ಟಿಕ್ಕು ಎಲ್ಲ ನೋಡಿ ಬಂದವರು." ಜರ್ಮನಿಯವನಿಗೋ ಜಪಾನಿಯವನಿಗೋ ಈ ಧೈರ್ಯವಿರುವುದಿಲ್ಲ. ಆತ ಹೆದರಿ, ಹೋಟೆಲಿನವರನ್ನು ಕೇಳಿ, ಕಲಿತುಕೊಂಡು ದಾಟುತ್ತಾನೆ. ನಮಗೆ ಗೊಂದಲ ಎಂಬುದು ಹುಟ್ಟೂರು. ಎಲ್ಲ ಗೊಂದಲವೂ ಒಂದೇ ಎಂಬ ಭಾವನೆ. ಆದರೆ ಪ್ರತಿಯೊಂದು ಊರಿನ ಗೊಂದಲಕ್ಕೂ ತನ್ನದೇ ಆದ ವ್ಯಾಕರಣವಿರುತ್ತದೆ. ತೆಲುಗು ಲಿಪಿ ನಮ್ಮ ಲಿಪಿಯ ಹಾಗೇ ಕಾಣುತ್ತದೆ ಎಂದು ಕನ್ನಡವೆಂದೇ ಓದಲು ಹೊರಟರೆ ಹೇಗೋ, ಹನೋಯಿಯ ರಸ್ತೆಯನ್ನು ಮೆಜೆಸ್ಟಿಕ್ಕಿನ ರಸ್ತೆಯೆಂದು ದಾಟುವುದೂ ಹಾಗೆಯೇ.

ನಾವು ಇಲ್ಲಿ ರಸ್ತೆ ದಾಟುವ ಕ್ರಮವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಅಂಚಿನಲ್ಲಿ ನಿಂತು ಸಂದು ಕಾಯುತ್ತೇವೆ. ಸಂದು ಸಿಕ್ಕಿತೋ, ಓಡುತ್ತೇವೆ. ನಡುವೆ ಬಸ್ಸು ಬಂತೋ, ಗಕ್ಕನೆ ನಿಲ್ಲುತ್ತೇವೆ. ಬಸ್ಸು ತೀರ ಹತ್ತಿರ ಬಂತೋ, ಎರಡು ಹೆಜ್ಜೆ ಹಿಂದಕ್ಕೆ ಹಾರುತ್ತೇವೆ. ಜತೆಗೆ ಅಭಯ ನೀಡುವ ದೇವರ ಹಾಗೆ ಕೈ ಎತ್ತಿರುತ್ತೇವೆ. ಇದರಲ್ಲಿ ಯಾವುದೂ ಇಲ್ಲಿ ತಪ್ಪಲ್ಲ, ಏಕೆಂದರೆ ನಮ್ಮ ಡ್ರೈವರುಗಳೂ ಇದನ್ನೇ ನಿರೀಕ್ಷಿಸುತ್ತಾರೆ. ನಡೆಯುವವನು ನಿಂತಾನು ಎಂದು ಡ್ರೈವರು ಅಂದುಕೊಳ್ಳುತ್ತಾನೆ, ಡ್ರೈವರು ಬ್ರೇಕು ಹಾಕಿಯಾನು ಎಂದು ನಡೆಯುವವನು ಅಂದುಕೊಳ್ಳುತ್ತಾನೆ. ಯಾರ ಎದೆ ಗಟ್ಟಿಯೋ ಅವರು ಮುಂದೆ ಹೋಗುತ್ತಾರೆ.

ಹನೋಯಿಯಲ್ಲಿ ಸಂದು ಕಾಯುತ್ತಾ ನಿಂತರೆ ಹಗಲು ಕಳೆದು ರಾತ್ರಿಯಾಗುತ್ತದೆ. ಸಂದು ಬರುವುದೇ ಇಲ್ಲ. ಹೋಟೆಲಿನ ಕೌಂಟರಿನಲ್ಲಿ ಕೂತವರು ಹೊಸದಾಗಿ ಬಂದವರಿಗೆ ಹೇಳಿಕೊಡುವ ಪಾಠ ಬಹಳ ಚಿಕ್ಕದು: ಓಡಬೇಡಿ, ನಿಲ್ಲಬೇಡಿ, ಹಿಂದೆ ಸರಿಯಬೇಡಿ. ನಿಧಾನವಾಗಿ, ಒಂದೇ ವೇಗದಲ್ಲಿ, ಬರುವವರನ್ನು ನೋಡುತ್ತಾ ನಡೆಯಿರಿ. ಅವರೇ ನಿಮ್ಮನ್ನು ಸುತ್ತಿಕೊಂಡು ಹೋಗುತ್ತಾರೆ. ಕೇಳಿದವರಿಗೆ ಇದು ಆತ್ಮಹತ್ಯೆಯ ಉಪದೇಶದಂತೆ ಕಾಣುತ್ತದೆ. ಆದರೆ ಹೆಜ್ಜೆ ಇಟ್ಟರೆ ನಿಜವಾಗಿಯೂ ಹಾಗೆಯೇ ಆಗುತ್ತದೆ. ಹೊಳೆಯ ನಡುವೆ ಬಂಡೆ ಇದ್ದರೆ ನೀರು ಎರಡು ಕಡೆಯಿಂದ ಹರಿದು ಮುಂದೆ ಮತ್ತೆ ಕೂಡಿಕೊಳ್ಳುತ್ತದಲ್ಲ, ಹಾಗೆ ಕೆಲವರು ನಿಮ್ಮ ಬೆನ್ನ ಹಿಂದಿನಿಂದ, ಕೆಲವರು ಮುಂದಿನಿಂದ ಹಾದುಹೋಗುತ್ತಾರೆ. ಯಾರ ಮುಖದಲ್ಲೂ ಸಿಟ್ಟಿರುವುದಿಲ್ಲ. ಹಾರ್ನು ಹೊಡೆಯುತ್ತಾರೆ, ಅದು ಬೈಗುಳವಲ್ಲ, 'ನಾನಿಲ್ಲಿದ್ದೇನೆ' ಎಂಬ ಸೂಚನೆ. ನಮ್ಮ ಲಾರಿಗಳ ಹಿಂದೆ ಬರೆದಿರುವ 'ಹಾರ್ನ್ ಓಕೆ ಪ್ಲೀಸ್' ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಹಿಂದಿನ ಲೆಕ್ಕ ಸರಳ. ಆ ಇಕ್ಕಟ್ಟಿನ ಬೀದಿಗಳಲ್ಲಿ ಬೈಕುಗಳ ವೇಗ ಗಂಟೆಗೆ ಇಪ್ಪತ್ತು ಮೂವತ್ತು ಕಿಲೋಮೀಟರಿಗಿಂತ ಹೆಚ್ಚಿರುವುದಿಲ್ಲ. ದೂರದಿಂದಲೇ ನಿಮ್ಮನ್ನು ಕಂಡ ಸವಾರ, ತಾನು ಅಲ್ಲಿಗೆ ಬರುವ ಹೊತ್ತಿಗೆ ನೀವು ಎಲ್ಲಿರುತ್ತೀರಿ ಎಂದು ಮನಸ್ಸಿನಲ್ಲೇ ಅಂದಾಜು ಮಾಡುತ್ತಾನೆ. ನೀವು ಈಗ ನಿಂತಿರುವ ಜಾಗ ಆಗ ಖಾಲಿಯಾಗಿರುತ್ತದೆ ಎಂದು ಆ ಜಾಗಕ್ಕೇ ಗುರಿ ಇಡುತ್ತಾನೆ. ನೀವು ಹೆದರಿ ನಿಂತುಬಿಟ್ಟಿರೋ, ಅವನು ತನಗೆಂದು ಲೆಕ್ಕ ಹಾಕಿಟ್ಟುಕೊಂಡ ಜಾಗದಲ್ಲೇ ನಿಂತಂತಾಯಿತು. ಹಿಂದೆ ಹಾರಿದಿರೋ, ನಿಮ್ಮ ಬೆನ್ನ ಹಿಂದೆ ಹಾದುಹೋಗುತ್ತಿರುವವನ ಮೇಲೇ ಬಿದ್ದಿರಿ. ಅಂದರೆ ಅಲ್ಲಿ ನಿಮ್ಮನ್ನು ಕಾಯುವುದು ನಿಮ್ಮ ಚುರುಕುತನವಲ್ಲ. ನೀವು ಮುಂದೇನು ಮಾಡುತ್ತೀರಿ ಎಂಬುದು ಅಪರಿಚಿತನಿಗೂ ತಿಳಿಯುವಂತೆ ನಡೆದುಕೊಳ್ಳುವುದು.

ಗಂಡಹೆಂಡತಿ ಕೈಹಿಡಿದು ದಾಟುವುದು ಮಾತ್ರ ಅಪಾಯದ ಕೆಲಸ. ಹ್ವಾನ್ ಕೀಮ್ ಕೆರೆಯ ಬಳಿ ನಮ್ಮ ಕಡೆಯ ಒಂದು ಜೋಡಿ ದಾಟುತ್ತಿದ್ದುದನ್ನು ನೋಡಿದ್ದೇನೆ. ಮಾತು ದಾವಣಗೆರೆ ಕಡೆಯದು. ನಡುರಸ್ತೆಯಲ್ಲಿ ಆಕೆ, "ರೀ, ನಿಂದ್ರ್ರೀ, ಬರಾಕತ್ತಾನ!" ಎಂದು ಹಿಂದಕ್ಕೆ ಎಳೆದರು. ಆತ, "ಏ, ನಿಂದ್ರಬ್ಯಾಡ, ಬಾರ!" ಎಂದು ಮುಂದಕ್ಕೆ ಎಳೆದರು. ಹಗ್ಗಜಗ್ಗಾಟದ ಹಗ್ಗದಂತೆ ಇಬ್ಬರ ಕೈಗಳೂ ರಸ್ತೆಗೆ ಅಡ್ಡವಾಗಿ ಚಾಚಿಕೊಂಡವು. ಆರೇಳು ಬೈಕುಗಳು ನಿಂತೇಬಿಟ್ಟವು. ಮುಂದಿದ್ದ ಸವಾರನೊಬ್ಬ ಒಂದು ಕಾಲು ನೆಲಕ್ಕೆ ಊರಿ, ಈ ದಾಂಪತ್ಯದ ಮಾತುಕತೆ ಮುಗಿಯಲಿ ಎಂಬಂತೆ ನಗುತ್ತಾ ಕಾದ. ಅದೇ ಹೊತ್ತಿಗೆ ಹೆಗಲ ಮೇಲೆ ಅಡ್ಡೆ ಹೊತ್ತು, ಎರಡೂ ತುದಿಗೆ ಹಣ್ಣಿನ ಬುಟ್ಟಿ ತೂಗಿಸಿಕೊಂಡ ಮುದುಕಿಯೊಬ್ಬಳು ಅವರ ಪಕ್ಕದಲ್ಲೇ, ಮನೆಯ ಪಡಸಾಲೆ ದಾಟುವಂತೆ ದಾಟಿಹೋದಳು. ಅಡ್ಡೆ ಹೊತ್ತವರಿಗೆ ಗಕ್ಕನೆ ನಿಲ್ಲಲೂ ಆಗುವುದಿಲ್ಲ, ಓಡಲೂ ಆಗುವುದಿಲ್ಲ. ಬುಟ್ಟಿ ತೂಗಾಡಿ ತೂಕ ತಪ್ಪುತ್ತದೆ. ಆ ಊರಿನ ರಸ್ತೆ ದಾಟಲು ಬೇಕಾದ ನಡಿಗೆ ಆ ಹೆಗಲಿಗೆ ತಾನಾಗಿ ಬಂದಿದೆ.

ಈ ನಡತೆ ಅವರಿಗೆ ಎಲ್ಲಿಂದ ಬಂತು ಎಂದು ಯೋಚಿಸಿದರೆ ಸೈಕಲ್ಲಿನ ಕಾಲಕ್ಕೆ ಹೋಗಬೇಕಾಗುತ್ತದೆ. 1986ರಲ್ಲಿ 'ದೋಯ್ ಮೋಯ್' ಎಂಬ ಆರ್ಥಿಕ ಸುಧಾರಣೆ ಶುರುವಾಗುವವರೆಗೆ, ಆಮೇಲೂ ಕೆಲವು ವರ್ಷ, ಹನೋಯಿ ಸೈಕಲ್ಲುಗಳ ಊರು. ಜತೆಗೆ ಸಿಕ್ಲೋ ಎಂಬ ಸೈಕಲ್ ರಿಕ್ಷಾ. ನಮ್ಮ ಉತ್ತರ ಭಾರತದ ರಿಕ್ಷಾದಲ್ಲಿ ತುಳಿಯುವವನು ಮುಂದೆ, ಕೂತವನು ಹಿಂದೆ. ಅಲ್ಲಿ ಕೂತವನೇ ಮುಂದೆ. ಏನಾದರೂ ಗುದ್ದಿದರೆ ಮೊದಲ ಪ್ರಸಾದ ದುಡ್ಡು ಕೊಟ್ಟವನಿಗೇ. ಸೈಕಲ್ ತುಳಿಯುವವನು ನಿಂತರೆ ಮತ್ತೆ ಹೊರಡಲು ಶ್ರಮ, ಆದ್ದರಿಂದ ನಿಲ್ಲದೆ ಸರಿದುಕೊಂಡು ಹೋಗುವುದು ಅವನ ಸ್ವಭಾವ. ದುಡ್ಡು ಬಂದಾಗ ಸೈಕಲ್ಲು ಹೋಗಿ ಬೈಕು ಬಂತು, ಸ್ವಭಾವ ಹಾಗೇ ಉಳಿಯಿತು ಎಂದು ನನಗೆ ತೋರುತ್ತದೆ. ಬೈಕಿನ ಬಾಡಿಗೆ ಸವಾರಿಗೆ ಅವರಿಟ್ಟ ಹೆಸರು 'ಸೆ ಓಮ್', ಎಂದರೆ ಅಪ್ಪಿಕೊಳ್ಳುವ ಗಾಡಿ. ಹಿಂದೆ ಕೂತವರು ಜೀವಭಯದಿಂದ ಮುಂದಿನವನನ್ನು ತಬ್ಬಿಕೊಳ್ಳುವುದರಿಂದ ಈ ಹೆಸರು.

ಇಷ್ಟು ಹೇಳಿದ ಮೇಲೆ, ಈ ಹೊಳೆಯ ಸೊಬಗಿಗೆ ಮನಸೋಲುವುದು ಸುಲಭ. ಪ್ರವಾಸಿಗಳೆಲ್ಲ ಮೊಬೈಲು ಹಿಡಿದು ಅದರ ಚಿತ್ರ ತೆಗೆಯುತ್ತಾರೆ. ಪೊಲೀಸಿಲ್ಲ, ಸಿಗ್ನಲ್ಲಿಲ್ಲ, ಆದರೂ ಎಲ್ಲ ತಾನಾಗಿ ನಡೆಯುತ್ತಿದೆ ಎಂದು ತತ್ತ್ವ ಹೇಳುತ್ತಾರೆ. ಅಲ್ಲಿ ಸ್ವಲ್ಪ ತಡೆಯಬೇಕು.

ಸೀಮೋರ್ ಪೇಪರ್ಟ್ ಎಂಬ ಗಣಿತಜ್ಞರಿದ್ದರು. ಅಮೆರಿಕದ ಎಂಐಟಿಯಲ್ಲಿದ್ದವರು. ಮಕ್ಕಳು ಕಂಪ್ಯೂಟರಿನ ಪರದೆಯ ಮೇಲೆ ಪುಟ್ಟ ಆಮೆಯೊಂದನ್ನು ಓಡಿಸಿ ಗಣಿತ ಕಲಿಯುವ 'ಲೋಗೋ' ಭಾಷೆಯನ್ನು ರೂಪಿಸಿದವರಲ್ಲಿ ಪ್ರಮುಖರು. ನಮ್ಮ ಎಷ್ಟೋ ಶಾಲೆಗಳ ಮಕ್ಕಳೂ ಆ ಆಮೆಯನ್ನು ಓಡಿಸಿದ್ದಾರೆ. 2006ರ ಡಿಸೆಂಬರಿನಲ್ಲಿ ಗಣಿತ ಬೋಧನೆಯ ಸಮ್ಮೇಳನಕ್ಕೆಂದು ಅವರು ಹನೋಯಿಗೆ ಬಂದಿದ್ದರು. ಆಗ ಅವರಿಗೆ 78 ವರ್ಷ. ಯಾರೊಬ್ಬರ ಅಪ್ಪಣೆಯೂ ಇಲ್ಲದೆ ಸಾವಿರಾರು ಬೈಕುಗಳ ನಡುವೆ ಕ್ರಮವೊಂದು ಹುಟ್ಟುವುದನ್ನು ನೋಡಿ, ಈ ಸಂಚಾರವನ್ನು ಗಣಿತದ ಮಾದರಿಯಲ್ಲಿ ಹೇಗೆ ಹಿಡಿಯುವುದು ಎಂದು ಸಹೋದ್ಯೋಗಿಯೊಬ್ಬರ ಜತೆ ಚರ್ಚಿಸುತ್ತಿದ್ದರು. ಡಿಸೆಂಬರ್ 5ರಂದು ರಸ್ತೆ ದಾಟುವಾಗ ಬೈಕೊಂದು ಅವರಿಗೆ ಗುದ್ದಿತು. ತಲೆಗೆ ಬಿದ್ದ ಪೆಟ್ಟಿನಿಂದ ಪ್ರಜ್ಞೆ ತಪ್ಪಿತು. ಮುಂದೆ ಅಮೆರಿಕಕ್ಕೆ ಕರೆದೊಯ್ದರು, ದೀರ್ಘ ಶುಶ್ರೂಷೆಯಾಯಿತು, ಆದರೆ ಹಿಂದಿನ ಪೇಪರ್ಟ್ ಪೂರ್ತಿಯಾಗಿ ಮರಳಲಿಲ್ಲ. 2016ರ ಜುಲೈ 31ರಂದು ತೀರಿಕೊಂಡರು. ಆ ಹೊಳೆಯ ನಿಯಮವನ್ನು ಅವರಷ್ಟು ಬುದ್ಧಿಯಿಂದ ನೋಡಿದ ಪ್ರವಾಸಿ ಇನ್ನೊಬ್ಬರು ಸಿಗುವುದು ಕಷ್ಟ. ಹೊಳೆಗೆ ಅದು ಗೊತ್ತಿರಲಿಲ್ಲ.

ಹನೋಯಿಯ ಜನಕ್ಕೆ ಈ ಬೆಲೆ ಹೊಸದಲ್ಲ. ನಾವು ನಾಲ್ಕು ದಿನ ನೋಡಿ ಬೆರಗಾಗಿ ಬರುವುದರಲ್ಲಿ ಅವರು ಜೀವಮಾನವಿಡೀ ಓಡಾಡುತ್ತಾರೆ. ಹಿಂದೆ ಅಲ್ಲಿ ಹೆಲ್ಮೆಟ್ಟಿಗೆ ತಮಾಷೆಯಾಗಿ 'ಅನ್ನ ಮಾಡುವ ಕುಕ್ಕರು' ಎನ್ನುತ್ತಿದ್ದರು; ಯಾರೂ ಹಾಕಿಕೊಳ್ಳುತ್ತಿರಲಿಲ್ಲ. 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲೂ ಎಲ್ಲ ಸವಾರರಿಗೂ ಅದು ಕಡ್ಡಾಯವಾಯಿತು. ಅಲ್ಲಿಯವರೆಗೆ ಬರಿದಲೆಯಲ್ಲಿದ್ದ ದೇಶ ಬೆಳಗಾಗುವುದರಲ್ಲಿ ಹೆಲ್ಮೆಟ್ಟು ಹಾಕಿತು. ಹಿಂದಿನ ಮೂರು ತಿಂಗಳನ್ನು ಮುಂದಿನ ಮೂರು ತಿಂಗಳಿಗೆ ಹೋಲಿಸಿ 20 ಆಸ್ಪತ್ರೆಗಳ ಲೆಕ್ಕ ತೆಗೆದಾಗ ತಲೆಗೆ ಪೆಟ್ಟಾಗುವ ಅಪಾಯ ನೂರಕ್ಕೆ 16ರಷ್ಟು, ಸಾಯುವ ಅಪಾಯ ನೂರಕ್ಕೆ 18ರಷ್ಟು ಇಳಿದಿತ್ತು. 2020ರ ಜನವರಿಯಿಂದ ಕುಡಿದು ಓಡಿಸುವವರ ಮೇಲೆ ಬಿಗಿ ಬಂತು. ಒಂದು ಗುಟುಕು ಬಿಯರೂ ಆಗದು. 2025ರ ಜನವರಿ 1ರಿಂದ ಕೆಂಪು ದೀಪ ದಾಟಿದ ಬೈಕಿಗೆ 40 ಲಕ್ಷದಿಂದ 60 ಲಕ್ಷ ಡಾಂಗ್ ದಂಡ. ನಮ್ಮ ಹಣದಲ್ಲಿ ಸುಮಾರು ಹದಿಮೂರು ಸಾವಿರದಿಂದ ಇಪ್ಪತ್ತು ಸಾವಿರ ರೂಪಾಯಿ. ತಾನಾಗಿ ನಡೆಯುತ್ತದೆ ಎಂದು ನಾವು ಹೊಗಳುವ ವ್ಯವಸ್ಥೆಗೆ ಅಲ್ಲಿಯವರೇ ಕಷ್ಟಪಟ್ಟು ಕಟ್ಟು ಹಾಕುತ್ತಿದ್ದಾರೆ. ಗೊಂದಲ ಚೆಂದ ಎನ್ನುವುದು ಅದರಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ಯಬೇಕಾಗಿಲ್ಲದವರ ಮಾತು.

ನಮ್ಮ ದೇಶದಲ್ಲಿ 2022ರೊಂದರಲ್ಲೇ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಹೀಗಿರುವಾಗ 'ನಾವು ಎಂಥೆಂಥ ರಸ್ತೆ ನೋಡಿದವರು' ಎಂಬ ಮಾತಿನಲ್ಲಿ ಹೆಮ್ಮೆಪಡುವುದಕ್ಕೆ ಏನಿದೆಯೋ ನಾನರಿಯೆ. ಆ ಅನುಭವ ನಮಗೆ ಕಲಿಸಬೇಕಾದದ್ದು ಧೈರ್ಯವನ್ನಲ್ಲ, ಎಚ್ಚರವನ್ನು.

ಆದ್ದರಿಂದ ಹೋಗುವವರಿಗೆ ನಾಲ್ಕು ಮಾತು. ಒಂದು, ದಾಟುವ ಮೊದಲು ಕತ್ತು ಎಡಕ್ಕೆ ತಿರುಗಲಿ, ನಡುವಿಗೆ ಬಂದಾಗ ಬಲಕ್ಕೆ. ಅಂಚಿನಲ್ಲಿ ಎದುರುದಿಕ್ಕಿನಿಂದ ನುಸುಳಿ ಬರುವವರು ಅಲ್ಲೂ ಇದ್ದಾರೆ, ಆದ್ದರಿಂದ ಎರಡೂ ಕಡೆ ಕಣ್ಣಿರಲಿ. ಬ್ಯಾಟರಿ ಬೈಕುಗಳು ಸದ್ದಿಲ್ಲದೆ ಬರುತ್ತವೆ, ಕಿವಿಯನ್ನು ನಂಬಬೇಡಿ. ಎರಡು, ಸುತ್ತಿಕೊಂಡು ಹೋಗುವ ಸೌಜನ್ಯ ಬೈಕಿನದು ಮಾತ್ರ. ಬಸ್ಸು, ಲಾರಿ, ಕಾರುಗಳಿಗೆ ಹಾಗೆ ಸರಿಯಲು ಜಾಗವಿರುವುದಿಲ್ಲ. ಅವು ಬಂದರೆ ಇಳಿಯದೆ ಕಾಯಿರಿ. ಮಳೆಯಲ್ಲಿ ರೈನ್‌ಕೋಟಿನ ಟೊಪ್ಪಿಗೆಯೊಳಗಿರುವ ಸವಾರನಿಗೆ ನೀವು ಸರಿಯಾಗಿ ಕಾಣುವುದಿಲ್ಲ. ಮೂರು, ದಾಟುವ ಹೊತ್ತಿನಲ್ಲಿ ಮೊಬೈಲು ಜೇಬಿನಲ್ಲಿರಲಿ. ಸವಾರ ನಿಮ್ಮ ಕಣ್ಣು ನೋಡಿ ನಿಮ್ಮ ಹೆಜ್ಜೆಯನ್ನು ಓದುತ್ತಾನೆ. ನಾಲ್ಕು, ಬೈಕು ಬಾಡಿಗೆಗೆ ಸಿಗುತ್ತದೆ ಎಂಬ ಮಾತ್ರಕ್ಕೆ ಹತ್ತಿಬಿಡಬೇಡಿ. ನಮ್ಮೂರಿನ ಲೈಸೆನ್ಸು ಅಲ್ಲಿ ಹಾಗೆಯೇ ನಡೆಯುವುದಿಲ್ಲ. ಸರಿಯಾದ ಲೈಸೆನ್ಸಿಲ್ಲದೆ ಓಡಿಸಿ ಬಿದ್ದರೆ ಪ್ರವಾಸದ ವಿಮೆಯೂ ಸಾಮಾನ್ಯವಾಗಿ ಕೈಬಿಡುತ್ತದೆ. ಪರದೇಶದ ಆಸ್ಪತ್ರೆಯ ಬಿಲ್ಲು ನಿಮ್ಮ ತಲೆಗೇ ಬರುತ್ತದೆ. ಧೈರ್ಯ ಸಾಲದಿದ್ದರೆ ಅಲ್ಲಿಯ ಅಜ್ಜಿಯೊಬ್ಬಳು ದಾಟುವವರೆಗೆ ಕಾದು ಅವಳ ಪಕ್ಕದಲ್ಲೇ ಹೊರಟುಬಿಡಿ. ಇದರಲ್ಲಿ ಅವಮಾನವೇನೂ ಇಲ್ಲ. ಆರಡಿ ಎತ್ತರದ ವಿದೇಶೀಯರು ಹೀಗೆ ಅಜ್ಜಿಯರ ಮರೆಯಲ್ಲಿ ದಾಟುವುದನ್ನು ಅಲ್ಲಿ ದಿನವೂ ಕಾಣಬಹುದು.

ತಿರುಗಿ ಬರುವಾಗ ಪೆಟ್ಟಿಗೆಯಲ್ಲಿ ಅಲ್ಲಿನ ಕಾಫಿಪುಡಿಯ ಜತೆಗೆ ತರುವಂಥದ್ದು ಇನ್ನೊಂದಿದೆ. ಅಲ್ಲಿನ ದಾಟುವ ವಿಧಾನವನ್ನು ತರುವಂತಿಲ್ಲ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಎದುರು ಹಾಗೆ ನಡೆದರೆ ಮನೆಗೆ ಬರುವುದು ಸುದ್ದಿ ಮಾತ್ರ. ತರಬೇಕಾದದ್ದು ಅದರ ಹಿಂದಿನ ತಿಳಿವಳಿಕೆ. ಇಂಡಿಕೇಟರು ಹಾಕಿದ ಕಡೆಗೇ ತಿರುಗುವುದು, ಹಾಕದೆ ತಿರುಗದಿರುವುದು, ಹಿಂದೆ ಬರುವವನಿಗೆ ನಮ್ಮ ಮುಂದಿನ ನಡೆ ತಿಳಿಯುವಂತೆ ಓಡಿಸುವುದು: ಇವೆಲ್ಲ ಅದೇ ಪಾಠದ ಭಾಗಗಳು. ಎದುರಿನವನು ನನ್ನನ್ನು ನಂಬಿ ಲೆಕ್ಕ ಹಾಕಿದ್ದಾನೆ, ಅವನ ಲೆಕ್ಕವನ್ನು ನಾನು ಕೆಡಿಸಬಾರದು ಎಂಬ ಒಂದು ಸಣ್ಣ ಮರ್ಯಾದೆ ಅಷ್ಟೇ. ಅದಕ್ಕೆ ಕಸ್ಟಮ್ಸ್ ಸುಂಕವೂ ಇಲ್ಲ.

ಅಂದ ಹಾಗೆ, 2016ರಿಂದ ಶನಿವಾರ ಭಾನುವಾರ ಹ್ವಾನ್ ಕೀಮ್ ಕೆರೆಯ ಸುತ್ತಣ ರಸ್ತೆಗಳನ್ನು ವಾಹನಗಳಿಗೆ ಮುಚ್ಚುವ ಪದ್ಧತಿ ಶುರುವಾಯಿತು. ವಾರವೆಲ್ಲ ಬೈಕಿನ ಮೇಲಿದ್ದ ಊರು ಆಗ ಕಾಲ ಮೇಲೆ ಓಡಾಡುತ್ತದೆ. ಮಕ್ಕಳು ಬಾಡಿಗೆಯ ಆಟಿಕೆ ಕಾರುಗಳಲ್ಲಿ ಕೂತು ಅಡ್ಡಾದಿಡ್ಡಿ ಓಡಿಸುತ್ತಾರೆ. ನಿಲ್ಲುತ್ತಾರೆ, ಹಿಂದೆ ಬರುತ್ತಾರೆ, ಒಮ್ಮೆಲೇ ತಿರುಗುತ್ತಾರೆ. ನೋಡಿದರೆ ನಮ್ಮೂರಿನ ಟ್ರಾಫಿಕ್ಕಿನ ನೆನಪಾಗುತ್ತದೆ. ಅಪ್ಪ ಅಮ್ಮಂದಿರು ಮಾತ್ರ ಹಿಂದೆಯೇ ಓಡುತ್ತಾ, ಆ ಪುಟ್ಟ ಸ್ಟೀರಿಂಗನ್ನು ಹಿಡಿದು ನೇರ ಮಾಡುತ್ತಿರುತ್ತಾರೆ.